ಕೆಂಪು ಫ್ಯೂಸೂ ನನ್ನ ಷಡ್ಡಕನೂ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯ ನಮ್ಮಲ್ಲಿ ಇನ್ನೂ ಬದುಕಿದೆ. ಅನುಮಾನವಿದ್ದವರು ಫ್ಯೂಸ್ ಹೋದ ಕಾರಿನ ಸುತ್ತ ನೆರೆಯುವ ಜನರ ಮಾತು ಕೇಳಬೇಕು. ರೋಗ ಎಲ್ಲೋ ವೈರಿನಲ್ಲಿ, ಬೈಗುಳವೆಲ್ಲ ಫ್ಯೂಸಿಗೆ. ‘ದರಿದ್ರದ್ದು, ಮತ್ತೆ ಹೋಯ್ತು’ ಅಂತ ಅದನ್ನು ಕಿತ್ತು ಚರಂಡಿಗೆ ಎಸೆಯುತ್ತಾರೆ. ಹೋಗದೆ ಇನ್ನೇನು ಮಾಡಬೇಕಿತ್ತು ಸ್ವಾಮಿ ಅದು? ಹೋಗುವುದೇ ಅದರ ನೌಕರಿ. ಕಾರಿನ ಮಿಕ್ಕೆಲ್ಲ ಸಾಮಾನನ್ನೂ ಕೆಡದಿರಲಿ ಅಂತ ಮಾಡಿರುತ್ತಾರೆ. ಇದೊಂದನ್ನು ಮಾತ್ರ ಸಮಯ ಬಂದಾಗ ಕೆಡಲಿ ಅಂತಲೇ ಮಾಡಿದ್ದಾರೆ. ಒಪ್ಪಿಸಿದ ಕೆಲಸವನ್ನು ಕ್ಷಣ ತಡಮಾಡದೆ ಮುಗಿಸಿ ಪ್ರಾಣ ಬಿಟ್ಟವನಿಗೆ ಸಿಗುವ ಮರ್ಯಾದೆ ಇದು.

ಫ್ಯೂಸಿನ ಪರವಾಗಿ ನಾನು ಹೀಗೆ ವಕಾಲತ್ತು ಹಾಕುವುದಕ್ಕೆ ನನ್ನ ಷಡ್ಡಕನೇ ಕಾರಣ. ತುಮಕೂರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾನೆ. ನನ್ನ ಹೆಂಡತಿಯ ತಂಗಿಯನ್ನು ಕೊಟ್ಟ ಮನೆ, ಆದ್ದರಿಂದ ಅವನ ಬಗ್ಗೆ ಏನು ಬರೆದರೂ ಅಳೆದು ಸುರಿದು ಬರೆಯಬೇಕು. ಬರೆದದ್ದನ್ನು ಮೊದಲು ನಮ್ಮ ಮನೆಯಲ್ಲೇ ಪಾಸು ಮಾಡಿಸಬೇಕು. ಮನುಷ್ಯ ಚಿನ್ನ. ಆದರೆ ಮೆಕ್ಯಾನಿಕ್ಕಿಗೆ ದುಡ್ಡು ಕೊಡುವುದೆಂದರೆ ಕರುಳು ಕಿತ್ತು ಬರುತ್ತದೆ. ಅವನ ಮನೆಯ ಮಿಕ್ಸಿ, ಫ್ಯಾನು, ಗೀಸರು ಯಾವುದೂ ಅವನ ಸ್ಕ್ರೂಡ್ರೈವರಿನಿಂದ ತಪ್ಪಿಸಿಕೊಂಡಿಲ್ಲ. ಬಿಚ್ಚಿಸಿಕೊಂಡು, ಒಂದೆರಡು ಸ್ಕ್ರೂ ಕಳೆದುಕೊಂಡು, ಮತ್ತೆ ಮುಚ್ಚಿಸಿಕೊಂಡು ಹೇಗೋ ತಿರುಗುತ್ತಿವೆ. ಹಾಗೆ ಉಳಿದ ಸ್ಕ್ರೂಗಳೆಲ್ಲ ಅಡುಗೆಮನೆ ಅಟ್ಟದ ಮೇಲಿನ ಒಂದು ಹಾರ್ಲಿಕ್ಸ್ ಬಾಟಲಿಗೆ ಜಮಾ ಆಗುತ್ತವೆ. ಓದುಗರು ಆ ಬಾಟಲಿಯ ಮೇಲೊಂದು ಕಣ್ಣಿಟ್ಟಿರುವುದು ಒಳ್ಳೆಯದು.

ಕಾರು ಸೆಕೆಂಡ್ ಹ್ಯಾಂಡು. ಕೊಂಡಾಗ ನಾಲ್ಕು ಚಕ್ರ, ಒಂದು ಸ್ಟೀರಿಂಗು ಬಿಟ್ಟರೆ ಹೆಚ್ಚಿನ ಆಡಂಬರವಿರಲಿಲ್ಲ. ಈಗ ಅದರಲ್ಲಿ ಎರಡು ಕೊಳವೆಯ ಹಾರನ್ನು, ಫಾಗ್ ಲೈಟು, ಬಾಗಿಲು ತೆಗೆದರೆ ನೆಲದ ಮೇಲೆ ಚೆಲ್ಲುವ ನೀಲಿ ಬೆಳಕು, ರಿವರ್ಸ್ ಹಾಕಿದರೆ ಗಣಪತಿ ಸ್ತೋತ್ರ ಹೇಳುವ ಪೆಟ್ಟಿಗೆ ಎಲ್ಲವೂ ಇವೆ. ಕಾರು ಹಿಂದಕ್ಕೆ ಬರುತ್ತಿದೆಯೋ ದೇವರ ಉತ್ಸವ ಬರುತ್ತಿದೆಯೋ ತಿಳಿಯದೆ ಬೀದಿಯ ಮುದುಕಿಯೊಬ್ಬಳು ಒಮ್ಮೆ ಕೈಮುಗಿದಳೆಂದು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಈ ಕಾರಿಗೆ ಬಂದ ಕಾಯಿಲೆ ವಿಚಿತ್ರದ್ದು. ಹಗಲು ಹೊತ್ತು ಗುಂಡುಕಲ್ಲು. ರಾತ್ರಿ ಲೈಟು ಹಾಕಿಕೊಂಡು ಹೊರಟು, ಯಾವುದೋ ಹಂಪು ಹತ್ತಿ ಇಳಿಯುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮೀಟರ್ ದೀಪ ಪಕ್ಕನೆ ಆರಿಬಿಡುವುದು. ಹೆಡ್‌ಲೈಟು ಮಾತ್ರ ಉರಿಯುತ್ತಲೇ ಇರುವುದು. ಆದ್ದರಿಂದ ಷಡ್ಡಕನಿಗೆ ಅದೊಂದು ದೊಡ್ಡ ವಿಷಯ ಅನಿಸಲೇ ಇಲ್ಲ. ‘ಸ್ಪೀಡೆಷ್ಟು ಅಂತ ಕಾಣಲ್ಲ ಅಷ್ಟೇ ಅಣ್ಣ. ನಾನು ಹೋಗೋ ಸ್ಪೀಡಿಗೆ ಮೀಟರ್ ಯಾಕೆ?’ ಎಂದ. ಕಾರಿನ ಒಳಗೆ ಕೂತವನಿಗೆ ಹಾಗೇ ಅನಿಸುವುದು. ಹೆಡ್‌ಲೈಟಿಗೆ ಬೇರೆ ಫ್ಯೂಸು ಇರುತ್ತದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಮೀಟರ್ ದೀಪ, ಮುಂದಿನ ಪಾರ್ಕಿಂಗ್ ಲೈಟು, ಹಿಂದಿನ ಕೆಂಪು ದೀಪ, ನಂಬರ್ ಪ್ಲೇಟಿನ ದೀಪ ಎಲ್ಲ ಒಂದೇ ಮನೆಯವು, ಒಂದೇ ಫ್ಯೂಸಿನ ಒಕ್ಕಲು. ಒಳಗೆ ಮೀಟರ್ ಕತ್ತಲಾಯಿತೆಂದರೆ ಹಿಂದುಗಡೆಯೂ ಕತ್ತಲಾಯಿತೆಂದೇ ಲೆಕ್ಕ. ಬೆಂಗಳೂರು ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಕ್ಕರೆ ಮೂಟೆ ಹೇರಿಕೊಂಡು ಬರುವ ಲಾರಿ ಡ್ರೈವರನ ಪಾಲಿಗೆ ಆ ಹೊತ್ತಿನಲ್ಲಿ ನನ್ನ ಷಡ್ಡಕ ಭೂಮಿಯ ಮೇಲೇ ಇಲ್ಲ.

ಮನೆಯಲ್ಲಿ ಒಂದು ಕಾರು ಕೆಟ್ಟರೆ ಎಷ್ಟು ಜನ ಪಂಡಿತರು ಹುಟ್ಟುತ್ತಾರೆ ಎಂಬುದನ್ನು ಆ ದಿನಗಳಲ್ಲಿ ಕಂಡೆ. ನಮ್ಮ ಅತ್ತೆಯವರದು ಇಲಿ ಸಿದ್ಧಾಂತ. ‘ಅಳಿಯಂದ್ರೆ, ಇದು ಇಲೀದೇ ಕೆಲಸ’ ಎಂದು ತೀರ್ಪು ಕೊಟ್ಟು ಬಾನೆಟ್ಟಿನೊಳಗೆ ನುಸಿಗುಳಿಗೆಯ ಪೊಟ್ಟಣ, ಹೊಗೆಸೊಪ್ಪಿನ ಕಡ್ಡಿ ಕಟ್ಟಿಸಿದರು. ಈ ಸಿದ್ಧಾಂತವನ್ನು ಕೇಳಿ ನಗುವ ಹಾಗಿಲ್ಲ. ಇಲಿಯ ಬಾಚಿಹಲ್ಲು ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ. ಮಳೆಗಾಲದ ರಾತ್ರಿ ನಿಂತ ಕಾರಿನ ಬೆಚ್ಚಗಿನ ಇಂಜಿನ್ನಿಗಿಂತ ಒಳ್ಳೆಯ ವಸತಿ ಎಲ್ಲಿ ಸಿಕ್ಕೀತು? ಆದರೆ ಇಲಿ ಬಂದು ಹೋದ ಕಡೆ ಹಿಕ್ಕೆ ಇರಬೇಕು, ಚಿಂದಿ ಇರಬೇಕು. ಇಲ್ಲಿ ಎರಡೂ ಇರಲಿಲ್ಲ. ಸಾಕ್ಷಿಯ ಕೊರತೆಯಿಂದ ಇಲಿ ಬಿಡುಗಡೆಯಾಯಿತು. ಅತ್ತೆ ಸೋಲೊಪ್ಪಲಿಲ್ಲ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿದರು.

ಎದುರು ಮನೆಯ ನಿವೃತ್ತ ಲೈನ್‌ಮನ್ನರದು ಇನ್ನೊಂದು ದಾರಿ. ಅವರ ಕಾಲದಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಫ್ಯೂಸ್ ಹೋಯಿತೆಂದರೆ ಹೊಸ ತಂತಿ ಸುತ್ತಿ ಕಟ್ಟುವುದು. ಮತ್ತೆ ಮತ್ತೆ ಹೋದರೆ ಎರಡೆಳೆ ಸೇರಿಸಿ ಕಟ್ಟುವುದು. ‘ಎಳೆ ಜಾಸ್ತಿ ಮಾಡಿ ಸಾರ್, ಅಪ್ಪನಾಣೆ ಹೋಗಲ್ಲ’ ಎಂದರು. ಅಪ್ಪನಾಣೆಗೂ ಫ್ಯೂಸು ಹೋಗುವುದಿಲ್ಲ ನಿಜ. ಹೋಗುವುದು ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯವನು ಷಡ್ಡಕನ ಮಗ, ಇಂಜಿನಿಯರಿಂಗ್ ಎರಡನೇ ವರ್ಷ. ಆನ್‌ಲೈನಿನಲ್ಲಿ ಮಲ್ಟಿಮೀಟರ್ ತರಿಸಿ ಒಂದು ಕಡ್ಡಿಯನ್ನು ಬಾಡಿಗೆ, ಇನ್ನೊಂದನ್ನು ಫ್ಯೂಸಿನ ಗೂಡಿಗೆ ಮುಟ್ಟಿಸಿದ. ಮೀಟರು ಪೀಂ ಎಂದಿತು. ‘ದೊಡ್ಡಪ್ಪಾ, ಶಾರ್ಟ್ ಸಿಕ್ತು!’ ಎಂದು ಕುಣಿದ. ಒಂದು ವೈರು ಕಳಚಿದ, ಪೀಂ. ಇನ್ನೊಂದು ಕಳಚಿದ, ಪೀಂ. ಅರ್ಧ ಡ್ಯಾಶ್‌ಬೋರ್ಡು ಬಿಚ್ಚಿದರೂ ಪೀಂ ನಿಲ್ಲಲಿಲ್ಲ. ಪಾಪ, ಮೀಟರಿನದೂ ತಪ್ಪಿಲ್ಲ. 5 ವ್ಯಾಟಿನ ಬಲ್ಬು ಉರಿಯುವಾಗ ಅದರ ತಂತಿ ಒಡ್ಡುವ ಅಡ್ಡಿ ಸುಮಾರು 29 ಓಮ್. ತಣ್ಣಗಿರುವಾಗ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಅಂಥ ಬಲ್ಬು ನಾಲ್ಕಾರು ಜೊತೆಯಾಗಿ ಕೂತರೆ ಒಟ್ಟು ಅಡ್ಡಿ ಒಂದು ಓಮಿಗಿಂತಲೂ ಕೆಳಗಿಳಿಯುತ್ತದೆ. ಪೀಂಗುಟ್ಟುವ ಮೀಟರಿಗೆ ಬಲ್ಬಿನ ಮೂಲಕ ಬಂದ ದಾರಿಯೂ ಒಂದೇ, ಚರ್ಮ ಸುಲಿದ ವೈರಿನ ದಾರಿಯೂ ಒಂದೇ. ಬಲ್ಬುಗಳನ್ನೆಲ್ಲ ಮೊದಲು ಹೋಲ್ಡರಿನಿಂದ ತೆಗೆಯದೆ ಪೀಂ ಕೇಳುತ್ತ ಕೂತರೆ ಡಿಗ್ರಿ ಮುಗಿಯುವವರೆಗೂ ಕೇಳುತ್ತಿರಬಹುದು.

ಒಂದು ದೊಡ್ಡ ವರ್ಕ್‌ಶಾಪಿಗೂ ತೋರಿಸಿದ್ದಾಯಿತು. ಟೈ ಕಟ್ಟಿದ ಹುಡುಗ ಕಾರಿನ ಹತ್ತಿರವೂ ಸುಳಿಯದೆ ಟ್ಯಾಬ್ ನೋಡಿ, ‘ಪೂರ್ತಿ ವೈರಿಂಗ್ ಕಿಟ್ಟೇ ಚೇಂಜ್ ಮಾಡ್ಬೇಕಾಗುತ್ತೆ ಸರ್’ ಎಂದ. ಅವನು ಹೇಳಿದ ಮೊತ್ತ ಕೇಳಿ ಷಡ್ಡಕ ಅಲ್ಲಿ ಕೊಟ್ಟ ಪುಕ್ಕಟೆ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದ. ಅವನು ಪುಕ್ಕಟೆ ಕಾಫಿ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಶುರುವಾಯಿತು ಅವನದೇ ಚಿಕಿತ್ಸೆ. ಸಂಘದ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಜೆ.ಸಿ. ರಸ್ತೆಗೆ ನುಗ್ಗಿ ಬಣ್ಣಬಣ್ಣದ ಫ್ಯೂಸುಗಳ ಪೊಟ್ಟಣ ತಂದ. ನೋಡಲು ಮಕ್ಕಳ ಪೆಪ್ಪರ್‌ಮೆಂಟು. ಆ ಬಣ್ಣಗಳು ಅಂದಕ್ಕೆ ಬಳಿದದ್ದಲ್ಲ. ಕಂದು ಎಂದರೆ ಏಳೂವರೆ ಆಂಪಿಯರು, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ ಬಿಳಿ 25, ಹಸಿರು 30. ಎರಡು ಚಪ್ಪಟೆ ಕಾಲಿನ ಈ ಪ್ಲಾಸ್ಟಿಕ್ ಫ್ಯೂಸು ಬಂದದ್ದು 1976ರಲ್ಲಿ, ಅಮೆರಿಕದ ಲಿಟಲ್‌ಫ್ಯೂಸ್ ಕಂಪನಿಯಿಂದ. ಅದಕ್ಕೆ ಮುಂಚೆ ಗಾಜಿನ ಕೊಳವೆಯವೋ ಪಿಂಗಾಣಿಯವೋ ಇದ್ದವು. ಕತ್ತಲಲ್ಲಿ ತಡಕುವಾಗ ಬೆರಳಲ್ಲೇ ಒಡೆಯುತ್ತಿದ್ದವು. ಫ್ಯೂಸಿಗೂ ಎಡಿಸನ್ ಪೇಟೆಂಟ್ ಪಡೆದಿದ್ದ. ಬಲ್ಬು ಕೊಟ್ಟವನೆಂದು ಅವನ ಪಟ ಶಾಲೆಗಳಲ್ಲಿ ತೂಗುಹಾಕುತ್ತಾರೆ, ಬಲ್ಬಿನಿಂದ ಮನೆ ಸುಡದ ಹಾಗೆ ನೋಡಿಕೊಂಡದ್ದಕ್ಕೆ ಯಾರೂ ಒಂದು ಹೂವನ್ನೂ ಏರಿಸುವುದಿಲ್ಲ.

ಕಾರಿನ ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೆ ಈ ದೀಪಗಳ ಗೂಡಿಗೆ 10 ಎಂದು ಬರೆದಿತ್ತು. ಕೆಂಪು ಹಾಕಿದ, ಹಂಪಿಗೆ ಹೋಯಿತು. ಇನ್ನೊಂದು ಕೆಂಪು ಹಾಕಿದ, ಅದೂ ಹೋಯಿತು. ಸಹಕಾರ ಸಂಘದಲ್ಲಿ ಗುಮಾಸ್ತರಿಗೆ ಬಡ್ತಿ ಕೊಡಲು ವರ್ಷಗಟ್ಟಲೆ ಫೈಲು ತಿರುಗಿಸುವ ಮನುಷ್ಯ, ಇಲ್ಲಿ ಮಾತ್ರ ಧಾರಾಳಿಯಾಗಿ ಕೆಂಪನ್ನು ನೀಲಿಗೆ, ನೀಲಿಯನ್ನು ಹಳದಿಗೆ ಏರಿಸಿದ. ಹಳದಿ ಕೆಲವು ಹಂಪುಗಳಿಗೆ ಜಗ್ಗದೆ ನಿಂತಾಗ ಎದುರು ಮನೆಯ ಲೈನ್‌ಮನ್ನರಿಗೆ ಕರೆದು ಮೈಸೂರುಪಾಕು ಕೊಟ್ಟ.

ಇಲ್ಲಿ ಒಂದು ಲೆಕ್ಕ ಹೇಳಿಬಿಡುತ್ತೇನೆ, ಲೆಕ್ಕದವನಿಗೂ ತಿಳಿಯಲಿ. ಆ ಫ್ಯೂಸಿನ ಒಕ್ಕಲುಗಳೆಲ್ಲ ಸೇರಿದರೂ ನಲವತ್ತು ವ್ಯಾಟು ದಾಟುವುದು ಕಷ್ಟ. 12 ವೋಲ್ಟಿನಿಂದ ಭಾಗಿಸಿ, ಮೂರು ಚಿಲ್ಲರೆ ಆಂಪಿಯರ್. ಅಂದಮೇಲೆ 10ರ ಫ್ಯೂಸು ಸುಮ್ಮಸುಮ್ಮನೆ ಹೋಗುವ ಪ್ರಶ್ನೆಯೇ ಇಲ್ಲ. ಕಾರಿನಲ್ಲಿ ಬಲ್ಬಿಗೆ ಹೋಗುವ ವೈರು ಒಂದೇ. ಕರೆಂಟು ವಾಪಸು ಬರುವುದು ಕಬ್ಬಿಣದ ಬಾಡಿಯ ಮೂಲಕ. ಹಾಗಾಗಿ ಹೋಗುವ ವೈರಿನ ಚರ್ಮ ಎಲ್ಲಾದರೂ ಸುಲಿದು ತಾಮ್ರ ಬಾಡಿಗೆ ತಗುಲಿತೋ, ಬಲ್ಬಿನವರೆಗೆ ಹೋಗುವ ಕಷ್ಟ ಯಾಕೆ ಎಂದು ಕರೆಂಟು ಅಲ್ಲೇ ಅಡ್ಡದಾರಿ ಹಿಡಿಯುತ್ತದೆ. ದಾರಿಯ ಅಡ್ಡಿ 0.1 ಓಮ್ ಇದೆ ಎಂದಿಟ್ಟುಕೊಂಡರೂ ನುಗ್ಗುವುದು 120 ಆಂಪಿಯರ್. 13-14 ಆಂಪಿಯರು ಹರಿದರೆ ಕೆಂಪು ಫ್ಯೂಸು ಕೆಲವು ನಿಮಿಷ ಹಲ್ಲು ಕಚ್ಚಿ ಸಹಿಸೀತು. ನೂರು ದಾಟಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ. ಇನ್ನು ಆ 10 ಎಂಬ ಸಂಖ್ಯೆಯನ್ನು ಗೊತ್ತುಮಾಡಿದ್ದು ಬಲ್ಬು ನೋಡಿಯಲ್ಲ, ವೈರು ನೋಡಿ. ಆ ಗೂಡಿನಿಂದ ಹೊರಡುವುದು ಸಣ್ಣ ವೈರು. ಅದು ಕಾಯುವ ಮುಂಚೆ ತಾನು ಕರಗಬೇಕು ಎಂಬುದು ಫ್ಯೂಸಿನ ಕರಾರು. ಹಳದಿ ಹಾಕಿದರೆ, ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದರೆ, ಎರಡೆಳೆ ತಂತಿ ಕಟ್ಟಿದರೆ ಆ ಕೆಲಸ ವೈರಿನ ಹೆಗಲಿಗೆ ಬೀಳುತ್ತದೆ. ವೈರು ಒಂಟಿಯಾಗಿ ಸಾಯುವುದಿಲ್ಲ. ಅದರ ಜೊತೆ ಕಟ್ಟಿನಲ್ಲಿ ಮಲಗಿದ ಹತ್ತಾರು ವೈರುಗಳನ್ನೂ, ಸೀಟಿನ ಸ್ಪಂಜನ್ನೂ, ಅದೃಷ್ಟ ಕೆಟ್ಟಿದ್ದರೆ ಕಾರನ್ನೂ ಕರೆದುಕೊಂಡು ಹೋಗುತ್ತದೆ. ಲೈನ್‌ಮನ್ನರು ಆಣೆಯಿಟ್ಟು ಹೇಳಿದ್ದರ ಉಳಿದರ್ಧ ಇದು.

ದೇವರಾಯನದುರ್ಗದಿಂದ ಕತ್ತಲಲ್ಲಿ ಇಳಿಯುತ್ತಿದ್ದಾಗ ಹಳದಿ ಹೋಯಿತು. ಹೋಗುವ ಮುಂಚೆ ಕಾರಿನ ತುಂಬ ವಾಸನೆ ಹಬ್ಬಿಸಿ ಹೋಯಿತು. ರಾತ್ರಿಯೇ ನಾದಿನಿಯ ಫೋನು. ‘ಭಾವ, ಕಾರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಇವರು ನಾಳೆ ಬಿಳೀದು ಹಾಕ್ತಾರಂತೆ. ನಿಮ್ಮ ಮಾತಾದ್ರೂ ಕೇಳ್ತಾರೇನೋ ಒಂದ್ಸಲ ಬಂದು ಹೇಳಿ.’ ಮರುದಿನ ನಾನು ಹೋಗಿ, ಅವನನ್ನೂ ನಾದಿನಿಯನ್ನೂ ಕೂರಿಸಿಕೊಂಡು, ರಿಂಗ್ ರಸ್ತೆಯ ಪಕ್ಕದಲ್ಲಿ ಲಾರಿ-ಟ್ರ್ಯಾಕ್ಟರುಗಳ ವೈರಿಂಗ್ ಮಾಡುವ ಭಾಯ್ ಒಬ್ಬರ ಶೆಡ್ಡಿಗೆ ಕಾರು ಬಿಡಿಸಿದೆ.

ಭಾಯ್ ಬಾನೆಟ್ಟು ತೆಗೆಯಲಿಲ್ಲ. ಮೊದಲು ಸ್ಟೂಲು ಎಳೆದು ಕೂತು ಕೇಳಿದರು: ‘ಯಾವಾಗ ಹೋಗುತ್ತೆ ಸಾರ್? ಲೈಟ್ ಹಾಕಿದ ತಕ್ಷಣಾನಾ, ಓಡ್ತಾ ಓಡ್ತಾನಾ? ಬ್ರೇಕ್ ಒತ್ತಿದಾಗಲಾ? ಸ್ಟೀರಿಂಗ್ ತಿರುಗಿಸ್ದಾಗಲಾ? ಮಳೇಲಾ?’ ಷಡ್ಡಕ ಎಲ್ಲದಕ್ಕೂ ಉತ್ತರಿಸಿ, ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಅದರೊಳಗೆ ಸತ್ತ ಫ್ಯೂಸುಗಳೆಲ್ಲ ತಾರೀಕಿನ ಚೀಟಿ ಸಮೇತ! ಲೆಕ್ಕದವನಲ್ಲವೆ, ವೋಚರು ಬಿಸಾಡುವ ಜಾತಿಯಲ್ಲ. ನನಗೆ ನಗು ಬಂತು. ಭಾಯಿಗೆ ಬರಲಿಲ್ಲ. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದರು. ಭಾರ ಹೆಚ್ಚಾಗಿ ನಿಧಾನಕ್ಕೆ ಹೋದ ಫ್ಯೂಸಿನೊಳಗಿನ ಸತುವಿನ ಪಟ್ಟಿ ನಡುವೆ ಕರಗಿ ಬಿಟ್ಟುಕೊಂಡಿರುತ್ತದೆ, ಕಿಟಕಿ ಮಾತ್ರ ತಿಳಿಯಾಗಿಯೇ ಇರುತ್ತದೆ. ನೇರ ಶಾರ್ಟಿಗೆ ಸಿಕ್ಕಿದ್ದರೆ ಪಟ್ಟಿ ಸಿಡಿದು ಕಿಟಕಿಯ ತುಂಬ ಕಪ್ಪು ಮಸಿ, ಬೂದು ಹನಿ. ಷಡ್ಡಕನ ಸಂಗ್ರಹದಲ್ಲಿ ಎಲ್ಲ ಕಿಟಕಿಯೂ ಕಪ್ಪು. ‘ಲೋಡ್ ಜಾಸ್ತಿ ಆಗಿ ಹೋಗಿದ್ದಲ್ಲ ಸಾರ್. ಡೈರೆಕ್ಟ್ ಬಾಡಿ ಹೊಡೀತಾ ಇದೆ.’

‘ಎಲ್ಲಿ?’ ಎಂದ ಷಡ್ಡಕ.

‘ಮೂರು ಕಡೆ ಬಿಟ್ರೆ ಇನ್ನೆಲ್ಲಿ ಹೋಗ್ತದೆ? ಕದಲೋ ಕಡೆ, ಕಾಯೋ ಕಡೆ, ಯಾರಾದ್ರೂ ಕೈಯಾಡ್ಸಿರೋ ಕಡೆ.’

ಮೂವತ್ತು ವರ್ಷದ ಕಸುಬು ಒಂದೇ ಉಸಿರಿನಲ್ಲಿ ಬಂತು. ಕದಲುವ ಕಡೆ ಎಂದರೆ ಬಾಗಿಲಿನ ಕೀಲು, ಡಿಕ್ಕಿ ಮತ್ತು ಬಾಡಿಯ ನಡುವಿನ ರಬ್ಬರು ಕೊಳವೆ, ಸ್ಕೂಟರಿನ ಹ್ಯಾಂಡಲಿನ ಕುತ್ತಿಗೆ. ಹ್ಯಾಂಡಲು ಎಡಕ್ಕೆ ಕಟ್ ಹೊಡೆದಾಗಲೇ ಫ್ಯೂಸ್ ಹೋಗುವ ಬೈಕು ತಂದವರಿಗೆ ಭಾಯ್ ಬಿಚ್ಚುವ ಮುಂಚೆಯೇ ಜಾಗ ತೋರಿಸುತ್ತಾರಂತೆ. ಕಾಯುವ ಕಡೆ ಎಂದರೆ ಸೈಲೆನ್ಸರಿನ ಪಕ್ಕ, ಇಂಜಿನ್ನಿನ ಹಿಂಬದಿ. ಕ್ಲಿಪ್ಪು ಮುರಿದು ಜೋತ ವೈರು ಅಲ್ಲಿ ಬೆಂದು ಅಂಟಾಗುತ್ತದೆ. ಕೈಯಾಡಿಸಿದ ಕಡೆ ಯಾವುದೆಂದು ವಿವರಿಸುವ ಮುಂಚೆ ಭಾಯ್ ಕಾರನ್ನೊಂದು ಸುತ್ತು ಹಾಕಿದರು. ಫಾಗ್ ಲೈಟು ನೋಡಿದರು. ನೀಲಿ ಬೆಳಕು ನೋಡಿದರು. ಗಣಪತಿ ಪೆಟ್ಟಿಗೆ ನೋಡಿದರು. ಷಡ್ಡಕನನ್ನು ನೋಡಿದರು. ಏನೂ ಹೇಳಲಿಲ್ಲ. ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅವರ ಆಯುಧವೇನು ಎಂದು ಕೇಳಿದರೆ ಷಡ್ಡಕನ ಮಗನ ಮಲ್ಟಿಮೀಟರು ನಾಚಬೇಕು. ಒಂದು ಹಳೇ ಇಂಡಿಕೇಟರ್ ಬಲ್ಬು, 12 ವೋಲ್ಟು 21 ವ್ಯಾಟಿನದು. ಹೋಲ್ಡರಿನಿಂದ ಎರಡು ಮಾರುದ್ದದ ವೈರು. ವೈರಿನ ತುದಿಯಲ್ಲಿ ಯಾವುದೋ ಸತ್ತ ಫ್ಯೂಸಿನ ಎರಡು ಕಾಲುಗಳು. ಫ್ಯೂಸು ತೆಗೆದು, ಅದೇ ಗೂಡಿಗೆ ಈ ಕಾಲುಗಳನ್ನು ಚುಚ್ಚಿ, ಬಲ್ಬನ್ನು ಕಾರಿನ ಕನ್ನಡಿಗೆ ನೇತುಹಾಕಿದರು. ಶಾರ್ಟ್ ಆದಾಗ ಫ್ಯೂಸಿನ ಜಾಗದಲ್ಲಿ ಈಗ ಬಲ್ಬು ಇದೆ, ಅದು ಸಾಯುವುದಿಲ್ಲ, ಝಗ್ಗೆಂದು ಉರಿಯುತ್ತದೆ. ಎಷ್ಟೇ ಶಾರ್ಟ್ ಆಗಲಿ, 21 ವ್ಯಾಟಿನ ಬಲ್ಬು ಒಂದೂ ಮುಕ್ಕಾಲು ಆಂಪಿಯರಿಗಿಂತ ಹೆಚ್ಚು ಬಿಟ್ಟುಕೊಡುವುದಿಲ್ಲ. ವೈರು ಬೆಚ್ಚಗೂ ಆಗುವುದಿಲ್ಲ. ಫ್ಯೂಸಿನ ಮೇಲೆ ಫ್ಯೂಸು ಸುಡುವ ಖರ್ಚಿಲ್ಲ. ಖರ್ಚಿಲ್ಲ ಎಂದ ಕೂಡಲೇ ಷಡ್ಡಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

ಪಾರ್ಕಿಂಗ್ ಸ್ವಿಚ್ಚು ಹಾಕಿದಾಗ ನೇತಾಡುವ ಬಲ್ಬು ಕೆಂಪಗೆ, ನಿದ್ದೆಗಣ್ಣಲ್ಲಿ ಉರಿಯಿತು. ಅದು ಕಾರಿನ ದೀಪಗಳ ಮೂಲಕ ಹರಿಯುವ ನ್ಯಾಯವಾದ ಕರೆಂಟು. ಭಾಯ್ ಅವನ್ನೆಲ್ಲ ಹೋಲ್ಡರಿನಿಂದ ಕಿತ್ತು, ಮೀಟರಿನ ಹಿಂದಿನ ಕಪ್ಲರನ್ನೂ ಕಳಚಿ, ಒಂದು ಟ್ರೇಯಲ್ಲಿ ಜೋಡಿಸಿಟ್ಟರು. ಬಲ್ಬು ಆರಿತು. ಇನ್ನು ಅದು ಉರಿದರೆ ಕಳ್ಳನ ಕೈಯಿಂದಲೇ ಉರಿಯಬೇಕು.

ಕಳ್ಳ ಬೇಗ ಬರಲಿಲ್ಲ. ಭಾಯ್ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮುಂದಿನ ದೀಪದ ಡೂಮಿನ ಸುತ್ತ ಕುಟ್ಟಿದರು, ಬಲ್ಬು ಕಮಕ್ ಕಿಮಕ್ ಎನ್ನಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ವೈರಿನ ಕಟ್ಟನ್ನು ಹಿಡಿದು ಜಗ್ಗಿದರು. ಇಲ್ಲ. ಎಲ್ಲ ಬಾಗಿಲನ್ನೂ ತೆಗೆದು ಹಾಕಿದರು, ನೀಲಿ ಬೆಳಕು ಚೆಲ್ಲಿತೇ ಹೊರತು ಬಲ್ಬು ಸುಮ್ಮನಿತ್ತು. ಸೀಟಿನ ಹಳಿ ಸರಿಸಿದರು. ಅಲ್ಲಿ ಸಿಕ್ಕಿಕೊಂಡು ಜಜ್ಜಿಹೋದ ವೈರುಗಳನ್ನು ಎಷ್ಟೋ ಕಂಡಿದ್ದಾರಂತೆ. ಇಲ್ಲ. ಷಡ್ಡಕ ನನ್ನ ಕಿವಿಯಲ್ಲಿ, ‘ಅಣ್ಣ, ಟೈಮ್ ಲೆಕ್ಕದಲ್ಲಿ ದುಡ್ಡೋ, ಕೆಲಸದ ಲೆಕ್ಕದಲ್ಲೋ?’ ಎಂದ. ನಾನು ಟೀ ಕುಡಿಯುವುದರಲ್ಲಿ ಮಗ್ನನಾದೆ.

ಕೊನೆಗೆ ಹಿಂದಕ್ಕೆ ಹೋಗಿ ಡಿಕ್ಕಿಯ ಬಾಗಿಲನ್ನು ಎತ್ತಿ, ಕೈಬಿಟ್ಟರು. ಧಡ್! ಬಲ್ಬು ಝಗ್ಗೆಂದು ಹೊಳೆದು ಆರಿತು. ಮತ್ತೆ ಎತ್ತಿ ಬಿಟ್ಟರು. ಮತ್ತೆ ಝಗ್! ನಾದಿನಿ ಚಪ್ಪಾಳೆ ತಟ್ಟಿಯೇಬಿಟ್ಟಳು. ನಾನೂ ಜಾಣನಾಗಿ, ‘ಆ ರಬ್ಬರು ಕೊಳವೆಯೊಳಗೇ ಇರಬೇಕು ಭಾಯ್, ಕದಲೋ ಕಡೆ’ ಎಂದೆ. ಭಾಯ್ ಕೊಳವೆಯನ್ನು ಹಿಂಡಿ, ಮಡಿಸಿ, ತಿರುಚಿ ತೋರಿಸಿದರು. ಬಲ್ಬು ನನ್ನ ಮಾತಿಗೆ ಕವಡೆ ಕಿಮ್ಮತ್ತು ಕೊಡಲಿಲ್ಲ. ಡಿಕ್ಕಿಯ ಬಾಗಿಲಿಗೆ ಹೋಗುವ ಕಪ್ಲರ್ ಕಳಚಿ ಧಡ್ ಎನ್ನಿಸಿದರೆ ಏನೂ ಇಲ್ಲ. ಸಿಕ್ಕಿಸಿ ಧಡ್ ಎನ್ನಿಸಿದರೆ ಝಗ್. ಅಂದರೆ ಕಳ್ಳ ಬಾಗಿಲಿನ ಒಳಗೇ ಕೂತಿದ್ದಾನೆ. ಒಳಗಿನ ಪ್ಲಾಸ್ಟಿಕ್ ಹಲಗೆಯ ಕ್ಲಿಪ್ಪುಗಳು ತಟ್ ತಟ್ ಎಂದು ಬಿಟ್ಟುಕೊಂಡವು. ಭಾಯ್ ಟಾರ್ಚು ಬಿಟ್ಟು ಇಣುಕಿ, ನನ್ನ ಷಡ್ಡಕನನ್ನು ಬೆರಳಲ್ಲಿ ಕರೆದರು.

ಹೊರಗಿನಿಂದ ಒಳಕ್ಕೆ, ನಂಬರ್ ಪ್ಲೇಟಿನ ಚೌಕಟ್ಟಿನ ಮೇಲಿನ ಮೂಲೆಯಿಂದ, ಒಂದು ಸ್ಕ್ರೂ ಮೂತಿ ಚಾಚಿತ್ತು. ಕಾರಿನ ಸ್ಕ್ರೂ ಅಲ್ಲ. ಒಂದೂವರೆ ಇಂಚಿನ, ಚೂಪು ತುದಿಯ, ಬಡಗಿಯ ಸ್ಕ್ರೂ. ಅದರ ಪಕ್ಕದಲ್ಲೇ ನಂಬರ್ ಪ್ಲೇಟಿನ ದೀಪಕ್ಕೆ ಹೋಗುವ ವೈರು ಜೋಲುಬಿಟ್ಟಿತ್ತು. ವೈರಿನ ಚರ್ಮ ಎಳ್ಳುಕಾಳಿನಷ್ಟು ಕಿತ್ತು, ಅಂಚು ಕಪ್ಪಾಗಿ, ನಡುವೆ ತಾಮ್ರ ಮಿನುಗುತ್ತಿತ್ತು. ಸ್ಕ್ರೂವಿನ ತುದಿಗೂ ಅದೇ ಎಳ್ಳುಕಾಳಿನ ಮಸಿ. ಹಂಪು ಬಂದಾಗ ವೈರು ತೂಗುತ್ತದೆ, ಸ್ಕ್ರೂವಿಗೆ ಮುತ್ತಿಡುತ್ತದೆ, ಸ್ಕ್ರೂ ಬಾಡಿಯಲ್ಲಿ ನೆಟ್ಟಿರುವುದರಿಂದ ಅಲ್ಲಿಗೆ ಮುಗಿಯಿತು. ಹಗಲು ಆ ವೈರಿನಲ್ಲಿ ಕರೆಂಟೇ ಇರುವುದಿಲ್ಲ, ಎಷ್ಟು ಮುತ್ತಿಟ್ಟರೂ ಕೇಳುವವರಿಲ್ಲ.

‘ಇದ್ಯಾರು ಹೊಡೆದಿದ್ದು?’ ಎಂದರು ಭಾಯ್.

ಷಡ್ಡಕ ಶೆಡ್ಡಿನ ತಗಡನ್ನು ಪರೀಕ್ಷಿಸತೊಡಗಿದ. ನಾದಿನಿಯೇ ಸಾಕ್ಷಿ ನುಡಿದಳು. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಗಾಡಿಗಳಿಗೂ ಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಹಾಕಿಸಲೇಬೇಕು ಎಂದು ರಾಜ್ಯದಲ್ಲಿ ಆದೇಶವಾಗಿ, 2023ರ ನವೆಂಬರ್ 17ಕ್ಕೆ ಇದ್ದ ಗಡುವು ಮುಂದಕ್ಕೆ ಮುಂದಕ್ಕೆ ಜರುಗುತ್ತ ಹೋಯಿತಷ್ಟೆ. ಕೊನೆಯ ದಿನದವರೆಗೂ ಕಾಯುವುದು ಷಡ್ಡಕನ ಆರ್ಥಿಕ ನೀತಿ; ಇಲ್ಲಿ ಕೊನೆಯ ದಿನವೇ ಬಾರದೆ ಅವನು ಸುಸ್ತಾಗಿ ಹೋಗಿ ಹಾಕಿಸಿದ. ಪ್ಲೇಟನ್ನು ಬಿಚ್ಚಲಾಗದ ಲಾಕು ಹೊಡೆದು ಕೂರಿಸಿ ಕಳಿಸಿದರು. ಆದರೆ ಅದರ ಪ್ಲಾಸ್ಟಿಕ್ ಚೌಕಟ್ಟಿನ ಒಂದು ಮೂಲೆ ಹಂಪಿನಲ್ಲಿ ಗಡಗಡ ಎನ್ನುತ್ತಿತ್ತು. ಗಣಪತಿ ಸ್ತೋತ್ರದ ಕಾರಿನಲ್ಲಿ ಗಡಗಡ ಸದ್ದನ್ನು ಅವನಿಗೆ ಸಹಿಸಲಾಗಲಿಲ್ಲ. ಅಟ್ಟ ಹತ್ತಿ ಹಾರ್ಲಿಕ್ಸ್ ಬಾಟಲಿ ಇಳಿಸಿ, ಬೆಡ್‌ರೂಮಿನ ವಾರ್ಡ್‌ರೋಬಿಗೆ ತಂದು ಉಳಿದಿದ್ದ ಸ್ಕ್ರೂ ಆರಿಸಿ, ಡ್ರಿಲ್ಲಿನಲ್ಲಿ ಒಂದು ತೂತು ಕೊರೆದು ಜಡಿದ. ‘ಅವತ್ತಿಂದ ಸದ್ದು ನಿಂತಿತ್ತು’ ಎಂದ ಅವನು, ತಗಡಿನಿಂದ ಕಣ್ಣು ಕೀಳದೆ. ಸದ್ದೇನೋ ನಿಂತಿತ್ತು.

ರಿಪೇರಿಗೆ ಹಿಡಿದ ಹೊತ್ತು ಕಡಿಮೆ. ಸ್ಕ್ರೂ ತೆಗೆದು, ಅರ್ಧ ಇಂಚಿನದೊಂದನ್ನು ರಬ್ಬರ್ ವಾಷರು ಕೊಟ್ಟು ಹಾಕಿದರು. ಗಾಯದ ವೈರಿಗೆ ಬರೀ ಟೇಪು ಸುತ್ತುತ್ತಾರೇನೋ ಎಂದುಕೊಂಡಿದ್ದೆ. ಭಾಯ್ ಒಪ್ಪಲಿಲ್ಲ. ಆ ತುಂಡನ್ನೇ ಕತ್ತರಿಸಿ, ಹೊಸ ವೈರು ಸೇರಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವು ಏರಿಸಿ ಲೈಟರಿನ ಬಿಸಿ ತೋರಿಸಿದಾಗ ಸ್ಲೀವು ಮುದುಡಿ ವೈರನ್ನು ಅಪ್ಪಿಕೊಂಡಿತು. ಆಮೇಲೆ ವೈರು ಜೋಲದಂತೆ ಕಟ್ಟುಪಟ್ಟಿ ಬಿಗಿದರು. ಹಳದಿ ಫ್ಯೂಸಿನ ಕಾಲದ ವಾಸನೆಯ ಗುರುತೂ ಸಿಕ್ಕಿತು: ರಬ್ಬರು ಕೊಳವೆಯಿಂದಾಚೆ, ಕಟ್ಟಿನೊಳಗೆ ಗೇಣುದ್ದ ಅದೇ ವೈರು ಬೆಂದು ಮೆತ್ತಗಾಗಿ ಪಕ್ಕದ ಬ್ರೇಕ್ ಲೈಟಿನ ವೈರಿಗೆ ಅಂಟಿಕೊಂಡಿತ್ತು. ಅದನ್ನೂ ಬಿಡಿಸಿ ಬದಲಾಯಿಸಿದರು. ಬಲ್ಬುಗಳೆಲ್ಲ ತಂತಮ್ಮ ಮನೆ ಸೇರಿದವು. ಗೂಡಿಗೆ ಕೆಂಪು ಹತ್ತು. ಶೆಡ್ಡಿನ ಮುಂದಿನ ಹಂಪಿನ ಮೇಲೆ ಪಾರ್ಕಿಂಗ್ ಹಾಕಿಕೊಂಡು ಹಿಂದೆ ಮುಂದೆ ಓಡಿಸಿದರು. ರಿವರ್ಸಿನಲ್ಲಿ ಬಂದಾಗಲೆಲ್ಲ ಗಣಪತಿ ಹಾಡಿದ. ಕೆಂಪು ಫ್ಯೂಸು ಜಪ್ಪಯ್ಯ ಅಂದರೂ ಹೋಗಲಿಲ್ಲ.

ದುಡ್ಡಿನ ಮಾತು ಬಂತು. ಭಾಯ್ ಹೇಳಿದ್ದು ಷಡ್ಡಕ ಫ್ಯೂಸುಗಳಿಗೂ ಮೈಸೂರುಪಾಕಿಗೂ ಸುರಿದದ್ದಕ್ಕಿಂತ ಹೆಚ್ಚೇನಿರಲಿಲ್ಲ. ಆದರೂ ಅವನು ಅಭ್ಯಾಸಬಲದಿಂದ ‘ಸ್ವಲ್ಪ ನೋಡಿ ಮಾಡ್ಕೊಳ್ಳಿ’ ಎಂದು ಶುರುಮಾಡಿದ. ಭಾಯ್ ಚೌಕಾಸಿಗೆ ಇಳಿಯಲಿಲ್ಲ. ‘ದುಡ್ಡು ಹಾಗಿರ್ಲಿ ಸಾರ್, ಡಬ್ಬಿ ತೆಗೆದಿದೀನಲ್ಲ, ಮಿಕ್ಕ ಫ್ಯೂಸೂ ಒಂದ್ಸಲ ನೋಡಿಬಿಡ್ತೀನಿ’ ಎಂದು ಟಾರ್ಚು ಹಿಡಿದು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಹಾರನ್ನಿನ ಗೂಡಿನಲ್ಲಿ, ಮುಚ್ಚಳದ ಮೇಲೆ 15 ಎಂದು ಬರೆದ ಕಡೆ, ಹಸಿರು ಮೂವತ್ತು ಕೂತಿತ್ತು.

‘ಇದು ಕೊಂಡಾಗಲೇ ಇತ್ತು’ ಎಂದ ಷಡ್ಡಕ, ಯಾರೂ ಕೇಳುವ ಮುಂಚೆ.

‘ಸುಳ್ಳು ಹೇಳ್ಬೇಡಿ’ ಎಂದಳು ನಾದಿನಿ. ‘ಡಬಲ್ ಹಾರನ್ ಹಾಕಿದ್ದು ಸಂಕ್ರಾಂತಿಗೆ. ಎಳ್ಳು ಬೀರಿ ಬರೋಷ್ಟರಲ್ಲಿ ಹಾರನ್ ಹೊಡ್ಕೊಳ್ತಾನೇ ಇತ್ತು, ಬೀದಿ ಜನವೆಲ್ಲ ಆಚೆ ಬಂದಿದ್ರು. ಅವತ್ತು ರಾತ್ರಿ ಟಾರ್ಚ್ ಹಿಡಿದೋಳು ನಾನೇ.’

ಭಾಯ್ ಕನ್ನಡಿಗೆ ನೇತುಹಾಕಿದ್ದ ಬಲ್ಬನ್ನು ಮತ್ತೆ ಕೈಗೆ ತೆಗೆದುಕೊಂಡು ಹುಡುಗನನ್ನು ಕೂಗಿದರು: ‘ಲೇ, ಇನ್ನು ಮೂರು ಟೀ ಹೇಳೋ. ಸಾರ್‌ಗೆ ಸಕ್ಕರೆ ಜಾಸ್ತಿ.’